ಗುಡ್ಡದ ದಾರಿಗೆ ಹೊಸ ವೈರು

ನವೆಂಬರ್ 3, ಸೋಮವಾರ. ಬೆಳಿಗ್ಗೆ 9

ಬ್ರೆಡ್ ಇಳಿಸಿ ಬಂದೆ. ಅರವತ್ತು ಟ್ರೇ. ಗುಡ್ಡದ ಮೇಲೆ ಮತ್ತೆ ಮಂಜು. ಮೂರನೇ ತಿರುವಿನಲ್ಲಿ ಪಿಕಪ್ ನಿಲ್ಲಿಸಿ, ಇಳಿದು, ಹೆಡ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಅಂತ ಕೈ ಅಡ್ಡ ಹಿಡಿದು ನೋಡಿದೆ. ಉರಿಯುತ್ತಿತ್ತು, ಪಾಪ. ಆಚೆ ಪೇಟೆಯ ಅಂಗಡಿಯವರು ಆರೂವರೆಗೆ ಬಾಗಿಲು ತೆರೆದು ಕಾಯುತ್ತಾರೆ. ತಲುಪಿದ್ದು ಏಳು ಹತ್ತಕ್ಕೆ. ವಾಪಸ್ ಬಂದಾಗ ಬೇಕರಿ ಯಜಮಾನರು ಗಡಿಯಾರ ನೋಡಿದರು, ಅಷ್ಟೇ.

ಬಲ್ಬ್ ಬದಲಾಯಿಸಬೇಕು. ಈ ವರ್ಷ ಇದು ಮೂರನೇ ಜೋಡಿ.

ನವೆಂಬರ್ 5, ಬುಧವಾರ

ಹೊಸ ಬಲ್ಬ್ ಹಾಕಿಯೂ ಆಗಬಾರದ್ದು ಆಯಿತು. ಐದನೇ ತಿರುವು — ರಸ್ತೆ ಅಂಚಿನ ಬಿಳಿ ಗೆರೆ ಇದ್ದಕ್ಕಿದ್ದಂತೆ ಮಾಯ. ಎರಡು ಚಕ್ರ ಚರಂಡಿಗೆ. ನನಗೇನೂ ಆಗಲಿಲ್ಲ. ಕನ್ನಡಿ ಒಡೆಯಿತು. ಒಂದು ಬನ್ ಕೂಡ ಚಪ್ಪಟೆಯಾಗಲಿಲ್ಲ. ಹಾಲಿನ ಲಾರಿಯವನು ಹಗ್ಗ ಕಟ್ಟಿ ಎಳೆದುಕೊಟ್ಟ.

ನಾನು ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಅಪ್ಪ ಮುಖ ಊದಿಸಿಕೊಂಡು ಕೂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಟೈಲ್ಸ್ ವ್ಯಾಪಾರಿಗೆ ಫೋನ್ ಮಾಡಿ ಆಗಿದೆ, ಇಪ್ಪತ್ಮೂರನೇ ತಾರೀಖು ಭಾನುವಾರ ಗಾಡಿ ತಗೊಳ್ಳಲು ಬರುತ್ತಾನೆ ಅಂದ. ಗಾಡಿ ಅಪ್ಪನ ಹೆಸರಲ್ಲಿದೆ. ಮೂವತ್ತು ವರ್ಷ ಇದೇ ದಾರಿಯಲ್ಲಿ ಓಡಿಸಿದವನು. ಮಂಡಿ ಕೈಕೊಟ್ಟ ಮೇಲೆ ಸ್ಟಿಯರಿಂಗ್ ನನಗೆ ಬಂದು ಎರಡು ವರ್ಷ. ಗಾಡಿ ಹೋದರೆ ನಾನು ಮತ್ತೆ ಬಟ್ಟೆ ಅಂಗಡಿಯ ಕೌಂಟರ್ ಹಿಂದೆ, ಸ್ಟೂಲ್ ಮೇಲೆ. ನೆನೆಸಿಕೊಂಡರೇ ಬೆನ್ನು ನೋಯುತ್ತದೆ.

ಅಷ್ಟರೊಳಗೆ ಒಂದು ದಿನ ಮಂಜಿನಲ್ಲಿ ನನ್ನ ಪಕ್ಕ ಕೂತು ಬಾ, ಆಮೇಲೂ ಭಯ ಅನ್ನಿಸಿದರೆ ಮಾರು ಅಂದೆ.

"ಆ ಲೈಟ್ ನಂಬ್ಕೊಂಡು ನಾನು ಬರಲ್ಲ ಕಣೇ. ನನಗೇನು ತಲೆ ಕೆಟ್ಟಿದ್ಯಾ?"

ಸರಿ. ಲೈಟ್ ಬದಲಾಯಿಸುತ್ತೇನೆ. ಹದಿನೆಂಟು ದಿನ ಇದೆ.

ನವೆಂಬರ್ 8, ಶನಿವಾರ

ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಯಾವ ಗಾಡಿ ಕೆಟ್ಟರೂ ಮೊದಲು ಫ್ಯೂಸ್ ನೋಡಿದ್ರಾ ಅಂತ ಕೇಳುವುದರಿಂದ ಎಲ್ಲರಿಗೂ ಫ್ಯೂಸ್ ಮಾಮ. ಶೆಡ್ ಮುಂದೆ ಆರು ಗಾಡಿ ಕ್ಯೂ. ತಿಂಗಳ ಕೊನೆವರೆಗೂ ಬಿಡುವಿಲ್ಲ. ಆದರೂ ಮೀಟರ್ ಹಿಡಿದು ನೋಡಿದರು. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್. ಬಲ್ಬಿನ ಬುಡದಲ್ಲಿ ಬರೀ ಹತ್ತು.

"ಬಲ್ಬಿಗೆ ಬೈಬೇಡಮ್ಮ. ಅದಕ್ಕೆ ಊಟಾನೇ ಹೋಗ್ತಿಲ್ಲ."

ಹಳೇ ಸಣ್ಣ ವೈರು, ಸವೆದ ಸ್ವಿಚ್ಚು — ಕರೆಂಟು ದಾರಿಯಲ್ಲೇ ಸೊರಗುತ್ತದಂತೆ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಯಬೇಕು, ನಡುವೆ ರಿಲೇ ಹಾಕಬೇಕು. ಆಗ ಸ್ವಿಚ್ ಬರೀ ಅಪ್ಪಣೆ ಕೊಡುತ್ತದೆ, ಭಾರ ಹೊರುವುದು ರಿಲೇ. ರಟ್ಟಿನ ಮೇಲೆ ಚಿತ್ರ ಬರೆದುಕೊಟ್ಟರು. ಮೀಟರನ್ನೂ ಕೊಟ್ಟರು. ನೀನೇ ಮಾಡು, ಗಾಡಿಗೆ ಬೆಂಕಿ ಮಾತ್ರ ಹಚ್ಚಬೇಡ ಅಂದರು.

ನವೆಂಬರ್ 9, ಭಾನುವಾರ. ಸಂಜೆ

ಹಗಲೆಲ್ಲ ಅಂಗಳದಲ್ಲಿ. ಹಳೇ ವೈರ್ ಮುಟ್ಟಿದರೆ ಮೇಲಿನ ಪ್ಲಾಸ್ಟಿಕ್ ಪುಡಿಪುಡಿ. ಇಷ್ಟು ದಿನ ಹೇಗೆ ಉರಿಯಿತೋ! ಲೋ ಬೀಮ್‌ಗೆ ಒಂದು ರಿಲೇ, ಹೈ ಬೀಮ್‌ಗೆ ಇನ್ನೊಂದು. ಎರಡಕ್ಕೂ ಫ್ಯೂಸ್. ಬೆರಳು ಎರಡು ಕಡೆ ಕೊಯ್ದುಕೊಂಡೆ. ಅಪ್ಪ ಕಿಟಕಿಯಿಂದ ಕದ್ದು ನೋಡುತ್ತಿದ್ದ. ನಾನು ತಿರುಗಿದರೆ ಪೇಪರ್ ಅಡ್ಡ.

ಸ್ವಿಚ್ ಒತ್ತಿದೆ. ಟಕ್ — ರಿಲೇ. ಎದುರುಮನೆ ಗೋಡೆಯ ಬಿರುಕು ಕೂಡ ಕಂಡಿತು. ಕುಣಿದುಬಿಟ್ಟೆ. ಮೂವತ್ನಾಲ್ಕರ ಹೆಂಗಸು, ಅಂಗಳದಲ್ಲಿ, ಒಬ್ಬಳೇ.

ನವೆಂಬರ್ 12, ಬುಧವಾರ

ಮಂಜಿಗೆಂದೇ ಫಾಗ್ ಲೈಟ್ ತಂದೆ. ಅಚ್ಚ ಬಿಳಿ ಬೆಳಕಿನವು, ಅಂಗಡಿಯಲ್ಲೇ ಕಣ್ಣು ಕುಕ್ಕಿದವು. ಅಪ್ಪ ಪೆಟ್ಟಿಗೆ ತೆರೆದು ನೋಡಿ, ಹಳದಿ ತರಬೇಕಿತ್ತು, ಬಂಪರ್ ಕೆಳಗೆ ಹಾಕಬೇಕು ಅಂದ. ಕೇಳಿದೆನಾ? ಎತ್ತರದಲ್ಲಿದ್ದರೆ ದೂರ ಕಾಣುತ್ತದೆ ಅಂತ ನನ್ನ ಲೆಕ್ಕ. ಕ್ಯಾಬಿನ್ ಮೇಲೆ ಕೂರಿಸಿದೆ. ಗಾಡಿಗೆ ಏನು ಠೀವಿ ಅಂತೀರಿ.

ನವೆಂಬರ್ 13, ಗುರುವಾರ

ಠೀವಿ ಇಳಿಯಿತು. ಗುಡ್ಡದ ಮೇಲೆ ಆನ್ ಮಾಡಿದರೆ ಕಣ್ಣೆದುರು ಸುಣ್ಣ ಬಳಿದ ಗೋಡೆ. ಬೆಳಕೆಲ್ಲ ಮಂಜಿಗೆ ಬಡಿದು ನನ್ನ ಮುಖಕ್ಕೇ ವಾಪಸ್. ಅವನ್ನು ಆರಿಸಿ, ನಡೆದಷ್ಟು ನಿಧಾನಕ್ಕೆ ದಾಟಿದೆ.

ಅಪ್ಪ ಹೇಳಿದ್ದೇ ಸರಿ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ, ಬಾಯಿಬಿಟ್ಟು ಹೇಳುವವಳಲ್ಲ. ಮಧ್ಯಾಹ್ನ ಹಳದಿಗೆ ಬದಲಿಸಿ ತಂದೆ. ಅಪ್ಪ ಪೆಟ್ಟಿಗೆ ನೋಡಿದ. ಗಂಟಲು ಸರಿಮಾಡಿಕೊಂಡ. ಅಷ್ಟಕ್ಕೇ ನನ್ನ ಮಾನ ಹೋಯಿತು.

ನವೆಂಬರ್ 16, ಭಾನುವಾರ

ಹಳದಿ ಲೈಟ್ ಬಂಪರ್ ಕೆಳಗೆ. ಅವಕ್ಕೂ ರಿಲೇ, ಫ್ಯೂಸ್, ಬೇರೆ ಸ್ವಿಚ್. ನೀಟಾಗಿ ಕಾಣಲಿ ಅಂತ ಎಲ್ಲ ಲೈಟಿನ ಅರ್ಥ್ ವೈರನ್ನೂ ಗಾಡಿ ತಳದ ಕಬ್ಬಿಣದ ಚೌಕಟ್ಟು, ಅದೇ ಚಾಸಿ, ಅದರ ಒಂದೇ ಬೋಲ್ಟಿಗೆ ತಂದು ಬಿಗಿದೆ. ಆನ್ ಮಾಡಿದೆ. ಮಿಣಮಿಣ. ಚೆನ್ನಾಗಿದ್ದ ಹೆಡ್‌ಲೈಟೂ ಮಂಕು.

ಬ್ಯಾಟರಿ ಕಡೆಯ ವೈರ್ ಮೂರು ಸಲ ಪರೀಕ್ಷೆ ಮಾಡಿದೆ. ತಪ್ಪೇ ಇಲ್ಲ. ಕೈಚೆಲ್ಲಿ ಕೂತೆ. ಇನ್ನು ಏಳು ದಿನ.

ನವೆಂಬರ್ 17, ಸೋಮವಾರ

ಫ್ಯೂಸ್ ಮಾಮನಿಗೆ ಫೋನ್. ಫ್ಯೂಸ್ ನೋಡಿದ್ದೇನೆ ಅಂತ ಮೊದಲೇ ಹೇಳಿದೆ. ಅರ್ಥ್ ಎಲ್ಲಿ ಕೊಟ್ಟೆ ಅಂದರು. ಚಾಸಿಗೆ ಅಂದೆ.

"ಚಾಸಿಗಾ, ಇಲ್ಲ ನಿಮ್ಮಪ್ಪನ ಬಣ್ಣಕ್ಕಾ?"

ಹಣೆ ಚಚ್ಚಿಕೊಂಡೆ. ಅಪ್ಪ ವರ್ಷಕ್ಕೊಮ್ಮೆ ಗಾಡಿಗೆ ಬಣ್ಣ ಬಳಿಯುತ್ತಾನೆ. ಹೊರಗಿನ ತಗಡಿಗೆ ಮಾತ್ರವಲ್ಲ — ಚಾಸಿ, ಬೋಲ್ಟು, ಜಾಕು, ಕೈಗೆ ಸಿಕ್ಕಿದ್ದಕ್ಕೆಲ್ಲ. ಕರೆಂಟು ಹೋದರೆ ಸಾಲದು, ಕಬ್ಬಿಣದ ಮೂಲಕ ವಾಪಸ್ ಬರಬೇಕು. ಇಲ್ಲಿ ಕಬ್ಬಿಣ ಸಿಕ್ಕಿದರೆ ತಾನೆ?

ಕೆರೆದೆ. ಬೂದು. ಅದರಡಿ ಹಸಿರು. ಅದರಡಿ ನಾನು ಶಾಲೆಗೆ ಹೋಗುವಾಗಿನ ನೀಲಿ. ಅಪ್ಪ ಕುಂಟುತ್ತಾ ಓಡಿಬಂದ.

"ಮೂವತ್ತು ವರ್ಷದಲ್ಲಿ ಒಂದು ಚುಕ್ಕೆ ತುಕ್ಕಿಲ್ಲ. ಯಾಕೆ ಕೆರೀತಿದ್ದೀಯ?"

ಮೀಟರ್ ಹಿಡಿದು ತೋರಿಸಿದೆ. ಬಣ್ಣದ ಮೇಲೆ ಒಂದು ಅಂಕಿ, ಕೆರೆದ ಜಾಗದಲ್ಲಿ ಇನ್ನೊಂದು. ಎರಡೆರಡು ಸಲ ನೋಡಿದ. ಆಮೇಲೆ ನೋಯುವ ಕಾಲು ಚಾಚಿ ನೆಲದ ಮೇಲೆ ಕೂತು ಸ್ಯಾಂಡ್‌ಪೇಪರ್ ನನ್ನ ಕೈಯಿಂದ ಕಿತ್ತುಕೊಂಡ. ಬೋಲ್ಟ್ ಸುತ್ತ ಬೆಳ್ಳಿಯ ಹಾಗೆ ಮಿನುಗುವಂತೆ ಉಜ್ಜಿದ. ಬಿಗಿದ ಮೇಲೆ ತುಕ್ಕು ಬಾರದಿರಲಿ ಅಂತ ಗ್ರೀಸ್ ಸವರಿದ್ದೂ ಅವನೇ.

ಆನ್ ಮಾಡಿದೆ. ಅಂಗಳವೆಲ್ಲ ಹಳದಿ. ಅಮ್ಮ ಒಳಗಿಂದ, ಅದನ್ನು ಆರಿಸಿ, ಕಣ್ಣು ಬಿಡಲಾಗುತ್ತಿಲ್ಲ ಅಂದಳು. ಇದಕ್ಕಿಂತ ಹೊಗಳಿಕೆ ಬೇಕೆ?

ನವೆಂಬರ್ 18

ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಲೈಟಿನ ಮುಖ ಕೆಳಕ್ಕೆ ಬಗ್ಗಿಸಿದೆವು. ಗೆರೆ ಎಳೆದದ್ದು ಅಪ್ಪ. ಮಾರುವ ಮಾತು ಎತ್ತಲಿಲ್ಲ, ಬಿಡಲೂ ಇಲ್ಲ.

ನವೆಂಬರ್ 21, ಶುಕ್ರವಾರ

ಮೂರು ದಿನದಿಂದ ಮಂಜಿಲ್ಲ. ಆಕಾಶ ತೊಳೆದಿಟ್ಟ ಹಾಗೆ. ಬೇಡ ಅಂದಾಗ ಬರುತ್ತದೆ ದರಿದ್ರದ್ದು. ನಾಳೆ ಒಂದೇ ದಿನ ಉಳಿದಿರುವುದು.

ನವೆಂಬರ್ 22, ಶನಿವಾರ. ಬೆಳಿಗ್ಗೆ 9.30

ಚಪ್ಪಲಿ ಕೂಡ ಬಿಚ್ಚದೆ ಬರೆಯಲು ಕೂತೆ. ಖುಷಿಗೆ.

ಎದ್ದು ಕಿಟಕಿ ತೆರೆದರೆ ಗೇಟೇ ಕಾಣಲಿಲ್ಲ. ಮಂಜು! ಅಪ್ಪ ಆಗಲೇ ಸ್ವೆಟರ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಹೊರಟ ಮೇಲೆ ಬಾಗಿಲ ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದ. ಇಲ್ಲದ ಬ್ರೇಕ್ ತುಳಿಯುತ್ತಿದ್ದ. ಮೂರನೇ ತಿರುವು — ಬಿಳಿ ಗೆರೆ ಸ್ಪಷ್ಟ. ಐದನೇ ತಿರುವು — ಚರಂಡಿಯ ಒಂದೊಂದು ಕಲ್ಲೂ ಕಂಡಿತು. ಬೆಳಕು ಮಂಜಿನ ಅಡಿಯಲ್ಲಿ ನುಸುಳಿ ರಸ್ತೆಗೆ ಅಂಟಿಕೊಂಡೇ ಹೋಗುತ್ತಿತ್ತು.

ಮುಂದೆ ಹಾಲಿನ ಲಾರಿ ಪಕ್ಕಕ್ಕೆ ನಿಂತಿತ್ತು. ಡ್ರೈವರ್ ತಲೆ ಹೊರಗೆ ಹಾಕಿದ. "ನೀನು ಮುಂದೆ ಹೋಗಕ್ಕ. ನಿನ್ನ ಹಿಂದೆ ಬರ್ತೀನಿ." ಅವನ ಹಿಂದೆ ಒಂದು ವ್ಯಾನು, ಅದರ ಹಿಂದೆ ಇನ್ಯಾರೋ. ಅಷ್ಟೂ ಗಾಡಿಗಳನ್ನು ಗುಡ್ಡ ದಾಟಿಸಿದ್ದು ನಾನು. ಹೆಮ್ಮೆಯಿಂದ ಎದೆ ಉಬ್ಬಿತು. ಯಾಕೆ ಸುಳ್ಳು ಹೇಳಲಿ.

ಅಪ್ಪಾ, ನೋಡಿದ್ಯಾ ಅಂತ ಕೇಳಲು ತಿರುಗಿದೆ. ನಿದ್ದೆ. ಬಾಯಿ ತೆರೆದುಕೊಂಡು, ಕೈ ತೊಡೆಯ ಮೇಲೆ. ಬೇರೆಯವರು ಓಡಿಸುವ ಗಾಡಿಯಲ್ಲಿ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಬಸ್ಸಿನಲ್ಲೂ ಇಲ್ಲ. ಅಳು ಬಂತು. ಒರೆಸಿಕೊಂಡು ಓಡಿಸಿದೆ. ಆರು ಇಪ್ಪತ್ತಕ್ಕೆ ಪೇಟೆ. ಇವತ್ತು ಅಂಗಡಿಯವರಿಗೆ ನಾನು ಕಾದೆ.

ವಾಪಸ್ ಬರುವಾಗಲೂ ಮಾರುವ ವಿಷಯ ಅಪ್ಪನ ಬಾಯಿಂದ ಬರಲಿಲ್ಲ. ನಾನೂ ಕೇಳಲಿಲ್ಲ. ಭಯ.

ನವೆಂಬರ್ 23, ಭಾನುವಾರ. ಬೆಳಿಗ್ಗೆ 11

ಟೈಲ್ಸ್ ವ್ಯಾಪಾರಿ ಬಂದ. ನಾನು ಕೋಣೆಯೊಳಗೆ, ಕಿಟಕಿ ಪಕ್ಕ, ಇದನ್ನು ಬರೆಯುತ್ತಾ. ಕೂತಲ್ಲಿ ಕೂರಲಾಗುತ್ತಿಲ್ಲ.

ಅಪ್ಪ ಅವನನ್ನು ಕೂರಿಸಲೂ ಇಲ್ಲ.

"ಗಾಡಿ ಕೊಡಲ್ಲ. ಅದು ನನ್ನ ಮಗಳದು. ನೋಡಬೇಕಾದ್ರೆ ನೋಡ್ಕೊಂಡು ಹೋಗಿ."

ಮತ್ತೊಮ್ಮೆ ಬರೆಯುತ್ತೇನೆ. ನನ್ನ ಮಗಳದು ಅಂದ.

ಈಗ ಆ ಮನುಷ್ಯನನ್ನು ಬಿಡುತ್ತಲೂ ಇಲ್ಲ. ನಡು ಬಿಸಿಲಲ್ಲಿ ಫಾಗ್ ಲೈಟ್ ಹಾಕಿ ತೋರಿಸುತ್ತಿದ್ದಾನೆ. ಬಾನೆಟ್ ಎತ್ತಿದ. ರಿಲೇ ಬಗ್ಗೆ ಭಾಷಣ, ಅರ್ಧಕ್ಕರ್ಧ ತಪ್ಪು. ವ್ಯಾಪಾರಿ ತಲೆ ಆಡಿಸುತ್ತಿದ್ದಾನೆ. ಫ್ಯೂಸ್ ಕಿತ್ತು ತೋರಿಸಲು ಕೈ ಹಾಕುತ್ತಿದ್ದಾನೆ ಅಪ್ಪ — ತಡಿ ಅಪ್ಪಾ, ಬಂದೆ, ಅದನ್ನ ಮಾತ್ರ ಮುಟ್ಟಬೇ—