ಕಂಬದ ಕಡೆಯ ತುದಿ

ಆಲನ್‌ಬಿ, ಕಂಬ್ರಿಯಾ
ಮೇ ೨೨, ಬುಧವಾರ ಮಧ್ಯಾಹ್ನ

ಪ್ರೀತಿಯ ರಸೆಲ್ ಅಣ್ಣಾ,

ಹೇಗಿದ್ದೀ? ಮೊಣಕಾಲು ಹೇಗಿದೆ? ದೋಣಿಯ ಏಣಿ ಹತ್ತುವುದು ಕಷ್ಟವಾಗುತ್ತಿದೆ ಎಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಒಂದು ಸಾಲು ಬರೆದಿದ್ದೆ. ಆಮೇಲೆ ಅದರ ಸುದ್ದಿಯೇ ಇಲ್ಲ. ಡಾಕ್ಟರ ಹತ್ತಿರ ಹೋಗು ಎಂದರೆ ನೀನು ಹೋಗುವವನಲ್ಲ, ರಾತ್ರಿ ಬಿಸಿನೀರಿನ ಚೀಲವನ್ನಾದರೂ ಇಟ್ಟುಕೋ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನೂ ನಾನೂ ಅಬರ್ಡೀನಿನ ಚಳಿ, ಇಲ್ಲಿಯ ಗಾಳಿ ಎರಡನ್ನೂ ಮುಗಿಸಿ ಇಟ್ಟುಬಿಡುತ್ತೇವೆ. ಕಾಗದವನ್ನು ಅಷ್ಟು ಬೇಗ ಇಡಲು ಬರುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಶನಿವಾರಕ್ಕೆ ಎಂಬತ್ತು ತುಂಬುತ್ತದೆ. "ಹೋಟೆಲ್ಲೂ ಬೇಡ, ಪಾರ್ಟಿನೂ ಬೇಡ. ನನ್ನ ಕ್ಯಾರವಾನಲ್ಲಿ ಕೂತು ಸಮುದ್ರ ನೋಡ್ತೀನಿ, ನೀವೆಲ್ಲ ಬಂದು ನನ್ನ ನೋಡಿ," ಎಂದಳು. ಹಾಗಾಗಿ ಇವತ್ತು ಬೆಳಿಗ್ಗೆ ಆ ಗಾಲಿಮನೆಯನ್ನು ಕಾರಿಗೆ ಕಟ್ಟಿಕೊಂಡು ಬಂದೆ. ಅದೇ ಮೈದಾನ, ಅದೇ ಸಾಲು, ನಲ್ಲಿಯಿಂದ ಮೂರನೆಯ ಜಾಗ. ಈಗ ಅವಳು ಕಿಟಕಿಯ ಬಳಿ ಪದಬಂಧ ಬಿಡಿಸುತ್ತಿದ್ದಾಳೆ. ಬಲ ಅಂಗೈಯ ಸುಟ್ಟ ಚರ್ಮ ಇನ್ನೂ ಬಿಗಿ; ಪೆನ್ಸಿಲನ್ನು ಎರಡೇ ಬೆರಳಿನಲ್ಲಿ ಹಿಡಿಯುತ್ತಾಳೆ. ಹೀಗೆ ಹಿಡಿಯುವುದನ್ನು ನೀನು ನೋಡಿಲ್ಲ. ನೋಡಿದರೆ ನಿನಗೆ ಸಂಕಟವಾಗುತ್ತದೆ ಎಂದು ನಾನು ಹೇಳಿರಲಿಲ್ಲ.

ಮೈದಾನದ ಕರೆಂಟಿನ ಕಂಬದಿಂದ ಕ್ಯಾರವಾನಿಗೆ ಎಳೆಯುವ ಕೇಬಲ್ ಚಳಿಗಾಲವೆಲ್ಲ ಶೆಡ್ಡಿನಲ್ಲಿತ್ತು. ಅಪ್ಪ ಇಟ್ಟ ಹಾಗೆಯೇ ಇಟ್ಟಿದ್ದೆ: ಒಣಬಟ್ಟೆಯಲ್ಲಿ ಉದ್ದಕ್ಕೂ ಒರೆಸಿ, ದೊಡ್ಡ ಸಡಿಲ ಸುರುಳಿ ಮಾಡಿ, ಅಮ್ಮನ ಹಳೆಯ ಕಾಲುಚೀಲದಿಂದ ಎರಡು ಕಡೆ ಕಟ್ಟಿ, ಗೋಡೆಯ ಮೊಳೆಗೆ. ಹೊರಡುವ ಮುಂಚೆ ಒಂದೊಂದು ಅಡಿಯನ್ನೂ ಬೆರಳಿನಲ್ಲಿ ಸವರುತ್ತಾ ಹೋದೆ, ಎಲ್ಲಾದರೂ ಇಲಿ ಕಡಿದಿದೆಯೋ, ಸೀಳಿದೆಯೋ ಎಂದು. ಇಪ್ಪತ್ತೈದು ಮೀಟರ್ ಸವರುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಮನುಷ್ಯ ಬೇಕಾದ್ದನ್ನು ಯೋಚಿಸಬಹುದು. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಮ್ಮನ ಕೈ ಸುಟ್ಟ ಆ ವರ್ಷದ ನಂತರ ಅಪ್ಪ ಕೇಬಲ್ ಸುತ್ತುವ ರೀಲನ್ನು ಮತ್ತೆ ಮುಟ್ಟಲಿಲ್ಲ. ಹೊಸ ಕೇಬಲ್ ತಂದು, ಪ್ರತಿ ಸಲವೂ ತಾನೇ ಮಂಡಿಯೂರಿ, ಕ್ಯಾರವಾನಿನ ಅಡಿಯಲ್ಲಿ ಪೂರ್ತಿ ಬಿಚ್ಚಿ ಹಾವಿನ ಹಾಗೆ ಹಾಸುತ್ತಿದ್ದರು. ಪಕ್ಕದ ಕ್ಯಾರವಾನಿನ ನಾರ್ಮನ್ ಕೇಳಿದ್ದಕ್ಕೆ, "ನನ್ನ ಮಗ ಹೀಗೆ ಹಾಸ್ತಿದ್ದ," ಎಂದರು. ಆಮೇಲೆ ಒಳಗೆ ಬಂದು ಬಹಳ ಹೊತ್ತು ಕೈ ತೊಳೆದರು.

ಹನ್ನೊಂದು ವರ್ಷದ ಹಿಂದಿನ ಆ ಶನಿವಾರವನ್ನು ನಾವಿಬ್ಬರೂ ಬೇರೆ ಬೇರೆ ಕಡೆಯಿಂದ ನೆನೆಯುತ್ತೇವೆ. ನೀನು ಕೇಬಲನ್ನು ಪೂರ್ತಿ ಬಿಚ್ಚಿ ಹಾಸಿ ನೀರಿನ ಪೀಪಾಯಿ ಉರುಳಿಸಿಕೊಂಡು ನಲ್ಲಿಗೆ ಹೋದೆ. ಹಿಂದಿನಿಂದ ಅಪ್ಪ, "ಇದೇನೋ, ಹುಲ್ಲಲ್ಲಿ ಹಾವು ಬಿಟ್ಟಂಗೆ? ಪಕ್ಕದೋರು ಏನಂದ್ಕೋತಾರೆ?" ಎಂದರು. ಅರ್ಧ ಗಂಟೆಯ ಮೇಲೆ ಒಳಗೆ ಹೀಟರೂ ಕೆಟಲೂ ಒಟ್ಟಿಗೆ ಉರಿಯುತ್ತಿದ್ದಾಗ, ಕೆಳಗೆ ರೀಲಿನಲ್ಲಿ ಮತ್ತೆ ಅಚ್ಚುಕಟ್ಟಾಗಿ ಸುತ್ತಿದ್ದ ಕೇಬಲ್ ತನ್ನ ಬಿಸಿಗೆ ತಾನೇ ಕರಗಿತು. ವಾಸನೆ ಬಂದಾಗ ಅಮ್ಮ ಎಲ್ಲರಿಗಿಂತ ಮೊದಲು ಓಡಿ ಅದನ್ನು ಹೊರಗೆಳೆದಳು. "ಒಂದು ವೈರ್ ಹಾಸೋ ಯೋಗ್ಯತೆ ಇಲ್ಲ ನಿನಗೆ. ನೋಡು ನಿಮ್ಮಮ್ಮನ ಕೈ," ಎಂದು ಅಪ್ಪ ಇಡೀ ಸಾಲಿಗೆ ಕೇಳುವಂತೆ ಹೇಳಿದರು. ನೀನು ರೀಲನ್ನು ನೋಡಿದೆ, ಅಪ್ಪನನ್ನು ನೋಡಿದೆ, ಬ್ಯಾಗ್ ತೆಗೆದುಕೊಂಡೆ. ಮತ್ತೆ ಬಂದದ್ದು ಅಪ್ಪನನ್ನು ಹೂಳುವ ದಿನ. ಚರ್ಚಿನ ಪಡಸಾಲೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಕೈಯಲ್ಲಿಟ್ಟುಕೊಂಡು, "ತಾವೇ ಸುತ್ತಿ ನನ್ನ ತಲೆಗೆ ಕಟ್ಟಿದ್ರು, ಲೊರೇನ್. ಸತ್ತೋರು ಅಂತ ಮರೆಯೋಕೆ ಆಗ್ತಿಲ್ಲ," ಎಂದೆ. ನಾನು ನಿನ್ನ ಕಪ್ಪಿಗೆ ಇನ್ನಷ್ಟು ಟೀ ಹಾಕಿದೆ.

ಬೆಳಿಗ್ಗೆ ಇಲ್ಲಿ ಕೇಬಲ್ ಬಿಚ್ಚುತ್ತಿದ್ದೆ. ಕರೆಂಟಿನ ಕಂಬ ನಮ್ಮ ಜಾಗದಿಂದ ಆರೇ ಹೆಜ್ಜೆ. ನಾರ್ಮನ್ ಮಡಿಚುವ ಕುರ್ಚಿಯಲ್ಲಿ ಕೂತು, "ಏನಮ್ಮಾ, ಸ್ಕಾಟ್ಲೆಂಡಿಗೂ ಇಲ್ಲಿಂದಲೇ ಕರೆಂಟ್ ಎಳೀತಿದ್ದೀಯಾ?" ಎಂದ. ನಕ್ಕೆ. ಮಿಕ್ಕ ಕೇಬಲನ್ನು ಕ್ಯಾರವಾನಿನ ಕೆಳಗೆ ತಳ್ಳುತ್ತಿದ್ದಾಗ ಅಮ್ಮ ಕಿಟಕಿ ತೆರೆದು, ಪದಬಂಧದಿಂದ ತಲೆ ಎತ್ತದೆ, "ಈ ಸಲ ಸುತ್ತಿಡಬೇಡ ಕಣೇ," ಎಂದಳು. ಅಷ್ಟೇ. ಕಿಟಕಿ ಮುಚ್ಚಿದಳು. ನಾನು ಮಂಡಿಯ ಮೇಲೆಯೇ ಇದ್ದೆ. ಹುಲ್ಲು ಒದ್ದೆಯಾಗಿತ್ತು. ಅದೇ ಕಿಟಕಿ, ಹನ್ನೊಂದು ವರ್ಷದ ಹಿಂದೆಯೂ ಅವಳು ಅಲ್ಲೇ ಕೂತಿದ್ದಳು. ಸುಟ್ಟ ಕೈಗೆ ವಾರಕ್ಕೆರಡು ಸಲ ನಾನೇ ಮುಲಾಮು ಹಚ್ಚಿದ್ದೆ. ಆಗಲೂ ಅವಳು ಏನೂ ಅಂದಿರಲಿಲ್ಲ.

ಶನಿವಾರ ಬಾ. ಐದು ಗಂಟೆಯ ದಾರಿ, ಮೊಣಕಾಲಿಗೆ ನಡುವೆ ಒಂದು ಕಡೆ ನಿಲ್ಲಿಸು. ಅವಳು ನಿನ್ನ ಹೆಸರು ಎತ್ತುವುದಿಲ್ಲ, ಆದರೆ ಕೇಕಿನ ಮೇಲೆ ಬಾದಾಮಿ ಬೇಡ ಎಂದಿದ್ದಾಳೆ. ಬಾದಾಮಿ ಆಗದವನು ಮನೆಯಲ್ಲಿ ನೀನೊಬ್ಬನೇ.

ಅಮ್ಮ ಹೇಳದಿದ್ದರೂ ಅವಳ ಮುತ್ತುಗಳು. ನಾರ್ಮನ್ನನ ನಮಸ್ಕಾರ. ದಾರಿಯಲ್ಲಿ ಹುಷಾರು.

ನಿನ್ನ ತಂಗಿ,
ಲೊರೇನ್

ಮರೆತ ಮಾತು: ಅಂಚೆಯ ವ್ಯಾನ್ ಗೇಟಿನ ಬಳಿ ಬಂದಿದೆ. ಸುತ್ತಿದ್ದು ಅಪ್ಪನಲ್ಲ, ನಾನು. ನೀನು ನಲ್ಲಿಯ ಹತ್ತಿರ ಇದ್ದಾಗ. ನಿನಗೆ ಬೈಗುಳ ತಪ್ಪಲಿ ಎಂದು ಸುತ್ತಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ, ಅಪ್ಪ ಮೆಚ್ಚಲಿ ಎಂದು ಸುತ್ತಿದೆ. ನೀನು ಹೊತ್ತುಕೊಂಡು ಹೋದದ್ದರಲ್ಲಿ ಅಪ್ಪನದು ಬೈದದ್ದು ಮಾತ್ರ, ಮಿಕ್ಕಿದ್ದು ನನ್ನದು. ಬಂದು ನನ್ನನ್ನು ಬೈ, ಆದರೆ ಬಾ. ಕೇಬಲ್ ಸೇರಿಸುವಾಗ ಕ್ಯಾರವಾನಿನ ಕಡೆ ಮೊದಲು, ಕಂಬದ ಕಡೆ ಆಮೇಲೆ ಎಂದು ನೀನೇ ಕಲಿಸಿದ್ದು. ಕ್ಯಾರವಾನಿನ ಕಡೆ ಸೇರಿಸಿದ್ದೇನೆ. ಇನ್ನೊಂದು ತುದಿ ಕಂಬದ ಬುಡದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಕೆಳಗೆ ನಿನಗಾಗಿ ಒಣಗಿಯೇ ಇದೆ. ಹೀಟರ್ ಇಲ್ಲದ್ದಕ್ಕೆ ಅಮ್ಮ ಇನ್ನೊಂದು ಸ್ವೆಟರ್ ಹಾಕಿಕೊಂಡಳು. ಶನಿವಾರದವರೆಗೆ ಗ್ಯಾಸಿನಲ್ಲೇ ಟೀ ಮಾಡಿಕೊಳ್ಳುತ್ತೇವೆ.