ನಾಡಿದ್ದಿನ ಬನ್ನು

ಮಾರ್ಚ್ 4, ಬುಧವಾರ

ಬೇಕರಿಯ ಬ್ರೆಡ್ಡೆಲ್ಲ ಮಾರಿ ಹೋಯಿತು. ಹುಟ್ಟುಹಬ್ಬದ ಕೇಕ್ ಎರಡಿವೆ, ಇನ್ನೂ ಹೆಸರು ಬರೆದಿಲ್ಲ. ಮೈದಾ ಮುಗಿಯುತ್ತ ಬಂತು — ಅಪ್ಪನಿಗೆ ನೆನಪಿಸಬೇಕು.

ಆಸ್ಪತ್ರೆ ಕ್ಯಾಂಟೀನಿಗೆ ಹೋದ ವ್ಯಾನು ಹೋದ ಹಾಗೇ ವಾಪಸ್ ಬಂತು. ಮುನ್ನೂರು ಬನ್ನೂ ಹಾಗೇ. ಕ್ಯಾಂಟೀನಿನವನ ಫೋನು: "ನಾವು ಕೇಳಿದ್ದು ಗುರುವಾರಕ್ಕಲ್ವೇನ್ರೀ? ಇವತ್ತು ತಂದ್ರೆ ಯಾರಿಗೆ ತಿನ್ನಿಸ್ಲಿ?"

ನನ್ನ ಫೋನಿನಲ್ಲಿ ಆರ್ಡರ್ ತೆಗೆದು ನೋಡಿದೆ. ಗುರುವಾರ, ಬೆಳಗಿನ ಜಾವ ನಾಲ್ಕೂವರೆ. ಸರಿಯಾಗಿಯೇ ಇದೆ. ಅಂದ ಮೇಲೆ ಒಂದು ದಿನ ಮುಂಚೆ ಬನ್ನು ಬೇಯಿಸಿದ ದೊಡ್ಡಪ್ಪನದೇ ತಪ್ಪು.

"ಟ್ಯಾಬ್‌ನಲ್ಲಿ ನಿನ್ನೆ ನೋಡ್ದಾಗ ನಾಳೆ ಅಂತಲೇ ಇತ್ತಲ್ಲ ಪುಟ್ಟೀ" ಎಂದರು. ಇದಕ್ಕೇ ಅಲ್ಲವೇ ನಾನು ಕೂತು ಆರ್ಡರುಗಳನ್ನೆಲ್ಲ ಆನ್‌ಲೈನ್ ಡೇಟಾಬೇಸಿಗೆ ಹಾಕಿದ್ದು? ಒಲೆಮನೆಯ ಟ್ಯಾಬಿಗೆ 'ನಾಳೆ' ಎಂದು ಬೇರೆಯೇ ಫಿಲ್ಟರ್ ಇಟ್ಟಿದ್ದೇನೆ, ನಾಳೆಯ ಆರ್ಡರ್ ಬಿಟ್ಟು ಬೇರೆ ಏನೂ ಕಾಣದ ಹಾಗೆ. ಅವರ ಕಣ್ಣಿಗೆ ಅಕ್ಷರ ದೊಡ್ಡದಾಗಲಿ ಎಂದು ತಾರೀಖಿನ ಕಾಲಂ ತೆಗೆದು ಬರೀ ಗಂಟೆ ಉಳಿಸಿದ್ದೇನೆ. ಇನ್ನೇನು ಬಾಯಿಗೆ ತುತ್ತಿಡಬೇಕೇ?

ಮುನ್ನೂರು ಬನ್ನು ಕೊಯ್ದು ರಸ್ಕ್ ಮಾಡಿದ್ದಾಯಿತು. ನಾಳೆಗೆ ಮತ್ತೆ ಹಿಟ್ಟು ಕಲಸಿದರು ದೊಡ್ಡಪ್ಪ.

ಮಾರ್ಚ್ 11, ಬುಧವಾರ

ಮತ್ತೆ ಅದೇ. ಈ ಸಲ ಬಸ್ ಡಿಪೋದ್ದು. ಗುರುವಾರದ ಜಾವಕ್ಕೆ ಕೇಳಿದ್ದನ್ನು ಬುಧವಾರಕ್ಕೇ ಮಾಡಿಟ್ಟಿದ್ದಾರೆ. ಅಪ್ಪ ಗಲ್ಲಾ ಬಿಟ್ಟು ಒಳಗೆ ಬಂದ. "ಅಣ್ಣಾ, ಊರಿಗೆಲ್ಲ ರಸ್ಕೇ ತಿನ್ನಿಸ್ಬೇಕು ಅಂತಿದ್ದೀಯಾ?" ನಕ್ಕುಕೊಂಡೇ ಅಂದದ್ದು. ಯಾರೂ ನಗಲಿಲ್ಲ.

"ನಿನ್ನೆ ನಾನೇ ನೋಡಿದೀನಿ ಕಣೋ. ನಾಳೆ ಅಂತ ಇತ್ತು."

ನಾನು ಫೋನನ್ನು ಅವರ ಮುಖದ ಹತ್ತಿರ ಹಿಡಿದೆ. "ಓದಿ ದೊಡ್ಡಪ್ಪಾ. ಏನಂತ ಇದೆ?"

"ಗುರುವಾರ."

"ಇವತ್ತು ಯಾವ ವಾರ?"

ಹೇಳುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದರು. ಅದನ್ನು ನಾವೆಲ್ಲ ನೋಡಿದೆವು. ಅಜ್ಜ ಇದೇ ಒಲೆಯ ಮುಂದೆ ಕೂತು ದಿನವಿಡೀ "ಇವತ್ತು ಯಾವ ವಾರ" ಎಂದು ಕೇಳುತ್ತಿದ್ದುದು, ಕೊನೆಗೆ ಸ್ವಂತ ಮಕ್ಕಳ ಗುರುತೂ ಹಿಡಿಯದೆ ಹೋದದ್ದು — ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಅದೇ ನೆನಪಾಯಿತು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಟ್ಯಾಬ್ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ತೆಗೆದು ನೋಡುವುದೇನಿದೆ? ಫೋನಿನಲ್ಲಿ ಸರಿಯಾಗಿಯೇ ಇದೆಯಲ್ಲ.

ಮಾರ್ಚ್ 16, ಸೋಮವಾರ, ಮಧ್ಯಾಹ್ನ

ದೊಡ್ಡಮ್ಮ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾರೆ. ಹಿಟ್ಟಿನ ಲೆಕ್ಕ ನಾನೇ ಹೇಳಬೇಕಿತ್ತು. ಟ್ಯಾಬ್ ತೆಗೆದೆ. 'ನಾಳೆ' — ಡಿಪೋ, ಜಾವ ನಾಲ್ಕು ಗಂಟೆ, ಇನ್ನೂರು ಬನ್ನು.

ಯೀಸ್ಟ್ ಅಳೆದೂ ಆಗಿತ್ತು. ಆಗ ಹೊಳೆಯಿತು. ಡಿಪೋದವರ ಜೊತೆ ಮಾತಾಡಿದವಳು ನಾನೇ — ಅವರು ಹೇಳಿದ್ದು ಬುಧವಾರ. ನಾಳೆ ಮಂಗಳವಾರ.

ಸೆಟ್ಟಿಂಗ್ಸ್ ಹುಡುಕಿದೆ. ತಾರೀಖಿನ ಕಾಲಮ್ಮಿಗೆ ಟೈಮ್ ಝೋನ್ ಎಂದು ಒಂದು ಸಾಲು. ಅದರಲ್ಲಿ ಜಿಎಂಟಿ, ಅಂದರೆ ಬೇರೆ ದೇಶದ ಗಡಿಯಾರ. ಶುರುವಿನಲ್ಲಿ ಏನೋ ಕೇಳಿತ್ತು, ಓದದೆ ಒತ್ತಿ ಮುಂದೆ ಹೋಗಿದ್ದೆ. ನನ್ನ ಫೋನು ನಮ್ಮ ಗಡಿಯಾರದಲ್ಲಿ ತೋರಿಸುತ್ತದೆ. ಫಿಲ್ಟರ್ ಮಾತ್ರ ಜಿಎಂಟಿಯ ಗಡಿಯಾರ ನೋಡಿ ದಿನ ಎಣಿಸುತ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ಬುಧವಾರದ ಜಾವ, ಅಲ್ಲಿನ್ನೂ ಮಂಗಳವಾರ ರಾತ್ರಿ. ಹಗಲಿನ ಆರ್ಡರುಗಳೆಲ್ಲ ಸರಿ. ಜಾವದವು ಮಾತ್ರ ಒಂದು ದಿನ ಮುಂಚೆಯೇ 'ನಾಳೆ'ಗೆ ಬಂದು ಕೂರುತ್ತವೆ. ಜಾವಕ್ಕೆ ಕೇಳುವವರು ಈ ಇಬ್ಬರು ಹೊಸ ಗಿರಾಕಿಗಳೇ. ತಾರೀಖಿನ ಕಾಲಂ ಇದ್ದಿದ್ದರೆ ದೊಡ್ಡಪ್ಪ ಮೊದಲ ದಿನವೇ ಹಿಡಿಯುತ್ತಿದ್ದರು. ಅದನ್ನು ತೆಗೆದ ಮಹಾತಾಯಿ ನಾನು.

ಸರಿ ಮಾಡಲು ಎರಡು ಸಲ ಒತ್ತಿದರೆ ಸಾಕಾಯಿತು. ತಾರೀಖನ್ನೂ ವಾಪಸ್ ಹಾಕಿದೆ.

ಬಂದ ಕೂಡಲೇ ಹೇಳಬೇಕು.

ಅದೇ ದಿನ, ಸಂಜೆ

ಬಂದರು. "ಈಗಲೇ ಏನೂ ಹೇಳಕ್ಕಾಗಲ್ವಂತೆ. ಸದ್ಯಕ್ಕೆ ಮಾತ್ರೆ ಕೊಟ್ಟಿದಾರೆ" ಎಂದರು ದೊಡ್ಡಮ್ಮ. ಅಪ್ಪ ಗಲ್ಲಾದಲ್ಲಿ ಯಾರಿಗೋ "ನಮ್ಮ ಹುಡುಗಿ ಎಲ್ಲ ಕಂಪ್ಯೂಟರ್‌ಗೆ ಹಾಕಿದಾಳೆ, ಒಂದು ಬನ್ನು ಆಚೀಚೆ ಆಗಲ್ಲ" ಎನ್ನುತ್ತಿದ್ದ.

ಬಾಯಿಯವರೆಗೆ ಬಂದದ್ದನ್ನು ನುಂಗಿದೆ.

ಮಾರ್ಚ್ 17

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗೊತ್ತಿದ್ದೂ ಬರೆ ಎಳೆಯುವುದನ್ನು ನೋಡುತ್ತ ನಿಂತಿದ್ದೇನೆ. ನಾಳೆ ಹೇಳುತ್ತೇನೆ.

ಮಾರ್ಚ್ 24, ಮಂಗಳವಾರ

ಒಂದು ವಾರದಿಂದ ಯಾವ ಆರ್ಡರೂ ತಪ್ಪಿಲ್ಲ. ತಪ್ಪುವುದಾದರೂ ಹೇಗೆ...

"ಮಾತ್ರೆ ಕೆಲಸ ಮಾಡ್ತಿದೆ ಕಣೇ" ಎಂದರು ದೊಡ್ಡಪ್ಪ. ಅವರ ಮುಖ ನೋಡಲಾಗಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಸುಮ್ಮನೆ ಹೆಗಲು ಒರೆಸಿಕೊಂಡು ಓಡಾಡುತ್ತಿದ್ದೇನೆ.

ಈಗ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಬಂದು ಮೆಲ್ಲಗೆ ಕೇಳುತ್ತಾರೆ. "ಇವತ್ತು ಮಂಗಳವಾರ ಅಲ್ವಾ ಪುಟ್ಟೀ?" ಹೌದು ಎನ್ನುತ್ತೇನೆ. "ಗೊತ್ತಿತ್ತು. ಸುಮ್ನೆ ಕೇಳ್ದೆ."

ಒಂದು ದಿನವೂ ತಪ್ಪು ಹೇಳಿಲ್ಲ ಅವರು.

ಮಾರ್ಚ್ 28, ಶನಿವಾರ

ಸೋಮವಾರದಿಂದ ಒಲೆಗೆ ಬೇರೆಯವನು ಬರುತ್ತಾನಂತೆ. ಅಪ್ಪ ಬಿಡಿಸಿದ್ದಲ್ಲ, ದೊಡ್ಡಪ್ಪನೇ ಬಿಡುತ್ತೇನೆಂದದ್ದು. "ಮಾತ್ರೆ ಎಷ್ಟು ದಿನ ಹಿಡಿದಿಡುತ್ತೆ? ಎಲ್ಲ ಮರೆತ ಮೇಲೆ ಬಿಡೋದಕ್ಕಿಂತ ನೆನಪಿರುವಾಗ್ಲೇ ಬಿಡೋದು ವಾಸಿ." ದೊಡ್ಡಮ್ಮ ತಲೆ ಆಡಿಸಿದರು. ಅಪ್ಪ ಕಣ್ಣು ಒರೆಸಿಕೊಂಡ. ನಾನು ಟ್ರೇ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.

ಥೂ ನನ್ನ ಜನ್ಮಕ್ಕೆ.

ಮಾರ್ಚ್ 29, ಭಾನುವಾರ

ಹೇಳಿದೆ.

ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ. ಒಲೆಯಿಂದ ಬ್ರೆಡ್ಡು ಎಳೆಯುವ ಉದ್ದ ಹಲಗೆಗೆ ಎಣ್ಣೆ ಸವರುತ್ತ ಕೂತಿದ್ದರು, ನಾಳೆ ಬರುವವನಿಗೆಂದು. ಟ್ಯಾಬ್ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಸೆಟ್ಟಿಂಗನ್ನು ಮೊದಲಿದ್ದ ಹಾಗೆ ಜಿಎಂಟಿಗೆ ತಿರುಗಿಸಿ ಮುಂದೆ ಹಿಡಿದೆ.

ಓದಿದರು. "ಕ್ಯಾಂಟೀನಿಂದು ಮಂಗಳವಾರ ಅಲ್ವಾ? ನಾಳೆ ಸೋಮವಾರ ತಾನೇ? ಇಲ್ಲಿ ಯಾಕೆ ಬಂತು?"

"ಅವತ್ತೂ ಹೀಗೇ ಬಂದಿತ್ತು ದೊಡ್ಡಪ್ಪಾ. ನೀವು ನೋಡಿದ್ದೇ ಸರಿ. ತಪ್ಪು ನಂದು."

ಎಲ್ಲ ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ. ಅವರು ಹಲಗೆ ಕೆಳಗಿಟ್ಟರು.

"ಹಾಗಾದ್ರೆ ನಂಗೇನೂ ಆಗಿಲ್ಲ."

"ಇಲ್ಲ."

"ನಮ್ಮಪ್ಪನ ಥರ ಏನೂ..."

"ಇಲ್ಲ ದೊಡ್ಡಪ್ಪಾ."

ಎಣ್ಣೆಗೈಯಲ್ಲೇ ಮುಖ ಒರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ ಕೇಳಿದರು, ವಾರ ಕೇಳುವ ಅದೇ ದನಿಯಲ್ಲಿ: "ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟೀ?"

ಸುಳ್ಳು ಹೇಳಬಹುದಿತ್ತು. ಇವತ್ತು ಎನ್ನಬಹುದಿತ್ತು.

"ಹದಿನಾರಕ್ಕೆ. ನೀವು ಡಾಕ್ಟರ ಹತ್ರ ಹೋಗಿದ್ರಲ್ಲ, ಆ ಸೋಮವಾರ."

ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಮುಟ್ಟುತ್ತ ಎಣಿಸತೊಡಗಿದರು. ಸೋಮವಾರ, ಮಂಗಳವಾರ, ಬುಧವಾರ... ಒಂದು ಸುತ್ತು ಮುಗಿದು ಮತ್ತೆ ಸೋಮವಾರ. ಅವಸರವಿಲ್ಲ. ಒಂದು ದಿನವೂ ತಪ್ಪಲಿಲ್ಲ. ಭಾನುವಾರಕ್ಕೆ ಬಂದು ಹೆಬ್ಬೆರಳು ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದರು. ಆಮೇಲೆ "ಹದಿನಾಲ್ಕು ದಿನ" ಎಂದು ಹಲಗೆಯನ್ನು ಮತ್ತೆ ಕೈಗೆತ್ತಿಕೊಂಡರು.