ನಗುವ ಕೋಣೆಯಲ್ಲಿ ಕುಡಿದವರು ಯಾರು?

ಕಾರ್ಖಾನೆಗಳ ಸುರಕ್ಷತೆಯನ್ನು ಪರಿಶೀಲಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಕುಡಿದಿದ್ದಳು ಎಂದು ನೀವು ಬರೆದಿದ್ದೀರಿ. ಶೂ ಕಾರ್ಖಾನೆಯ ಮೆಟ್ಟಿಲಿನಿಂದ ಉರುಳಿ, ತಲೆಗೆ ಪೆಟ್ಟಾಗಿ ಸತ್ತ ಹೆಂಗಸಿನ ಬಗ್ಗೆ ನಿಮ್ಮ ವರದಿ ಹೇಳುವುದು ಒಂದೇ ಸಾಲು: ‘ಮದ್ಯದ ಅಮಲಿನಲ್ಲಿ ಆಯತಪ್ಪಿ ಬಿದ್ದಿರುವ ಸಂಭವ.’ ಆ ‘ಸಂಭವ’ ಎಂಬ ಪದದ ಹಿಂದೆ ನೀವು ಎಷ್ಟು ಆರಾಮವಾಗಿ ಕೂತಿದ್ದೀರಿ! ರಕ್ತ ಪರೀಕ್ಷೆ ಮಾಡಿಸಿದಿರಾ? ಇಲ್ಲ. ಅವಳು ಕುಡಿದದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ? ಇಲ್ಲ. ಮಾತು ತೊದಲುತ್ತಿತ್ತು, ನಡಿಗೆ ತೂರಾಡುತ್ತಿತ್ತು, ಕಾರಣವಿಲ್ಲದೆ ನಗುತ್ತಿದ್ದಳು, ಮೈಯಿಂದ ಸಿಹಿಯಾದ ವಾಸನೆ ಬರುತ್ತಿತ್ತು. ಸಾಕ್ಷಿಗಳು ನಿಮಗೆ ಹೇಳಿದ್ದು ಇಷ್ಟೇ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಷ್ಟನ್ನೂ ನಾನೂ ಕಣ್ಣಾರೆ ಕಂಡಿದ್ದೇನೆ. ನೀವೂ ಕಂಡಿದ್ದೀರಿ. ಅದನ್ನು ನೆನಪಿಸಲಿಕ್ಕೆ ಈ ಪತ್ರ.

ನಾನು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆ ಕಟ್ಟುವವನು. ಸಂಜೆ ದಿನಚರಿಯಲ್ಲಿ ನಾಲ್ಕು ಸಾಲು ಗೀಚುವುದನ್ನು ಬಿಟ್ಟರೆ ಬರವಣಿಗೆ ನನ್ನ ಕೆಲಸವಲ್ಲ. ಈಚೆಗೆ ಆ ನಾಲ್ಕು ಸಾಲೂ ಮೂಡುತ್ತಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವ ಅಭ್ಯಾಸ ನಿಮಗಿದೆಯೋ ಇಲ್ಲವೋ ಎಂಬುದೇ ಈಗ ನಮ್ಮ ಮನೆಯ ಪ್ರಶ್ನೆ.

ಶೂವಿನ ಮೇಲುಭಾಗಕ್ಕೂ ಅಟ್ಟೆಗೂ ಅಂಟು ಬಳಿಯುವ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿದೆ. ಅದಕ್ಕೆ ಕಾರ್ಖಾನೆಯಲ್ಲಿ ಎಲ್ಲರೂ ‘ನಗುವ ಕೋಣೆ’ ಎನ್ನುತ್ತಾರೆ. ಹೊಲಿಗೆಯ ಸಾಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಖವೂ ಬಾಡಿರುತ್ತದೆ. ಅಂಟಿನ ಕೋಣೆಯಲ್ಲಿ ಮಾತ್ರ ಊಟದ ನಂತರ ಹಾಡು ಶುರುವಾಗುತ್ತದೆ. ಬ್ರಷ್ಷು ಕೈಜಾರಿದರೆ ನಗು, ಸೂಪರ್‌ವೈಸರ್ ಕೆಮ್ಮಿದರೆ ನಗು. ಆ ಕೋಣೆಗೆ ಹಾಕಿಸಿಕೊಳ್ಳಲು ಹೆಂಗಸರು ಶಿಫಾರಸು ಹಿಡಿಯುತ್ತಿದ್ದರು. ನನ್ನವಳಿಗೆ ಅಲ್ಲಿ ಜಾಗ ಸಿಕ್ಕ ದಿನ ಹೊಲಿಗೆಯವರು ಹೊಟ್ಟೆಕಿಚ್ಚುಪಟ್ಟರು. “ನಿನ್ನ ಹೆಂಡತಿ ಇನ್ಮೇಲೆ ಮಹಾರಾಣಿ ಕಣಣ್ಣ,” ಎಂದು ನನ್ನನ್ನು ಕಿಚಾಯಿಸಿದರು.

ಅಂಟಿಗೆ ಗಾಳಿ ಆಗದು. ಗಾಳಿ ಸೋಕಿದರೆ ಮೇಲೆ ಕೆನೆಕಟ್ಟಿ ಅಟ್ಟೆ ಬಾಯಿಬಿಡುತ್ತದೆ, ಅಂಥ ಜೋಡಿ ವಾಪಸ್ಸು ಬರುತ್ತದೆ, ಬೈಗುಳ ಬಳಿದವರಿಗೆ. ಆದ್ದರಿಂದ ಕಿಟಕಿ ಮುಚ್ಚಬೇಕು ಎಂದು ಯಾರೂ ಅಪ್ಪಣೆ ಕೊಡಬೇಕಾಗಿರಲಿಲ್ಲ, ಹೆಂಗಸರೇ ಮುಚ್ಚುತ್ತಿದ್ದರು. ಸಂದುಗಳಿಗೆ ಬಟ್ಟೆ ತುರುಕುತ್ತಿದ್ದರು. ನನ್ನ ಹಳೇ ಅಂಗಿಯೊಂದನ್ನು ನನ್ನವಳು ಅಚ್ಚುಕಟ್ಟಾಗಿ ಹರಿದು ಅದಕ್ಕಾಗಿಯೇ ಒಯ್ದಿದ್ದಳು. ಅದು ಈಗಲೂ ಆ ಕಿಟಕಿಯ ಸಂದಿನಲ್ಲಿದೆ. ಕೆಲಸ ಮುಗಿದ ಮೇಲೆ ಕೈಗೆ ಹತ್ತಿದ ಅಂಟು ಸೋಪಿಗೆ ಹೋಗುವುದಿಲ್ಲ. ಅಂಟನ್ನು ತೆಳ್ಳಗೆ ಮಾಡುವ ಥಿನ್ನರನ್ನೇ ಅಂಗೈಗೆ ಸುರಿದುಕೊಂಡು ತಿಕ್ಕುತ್ತಿದ್ದರು. ಕೈ ಹೂವಿನಂತೆ ಬೆಳ್ಳಗಾಗುತ್ತಿತ್ತು.

ಅಲ್ಲಿ ನಕ್ಕವಳು ಮನೆಗೆ ಬಂದರೆ ತಲೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ರಜೆಯ ದಿನ ಸಿಡುಕು, ಅಳು. “ರೀ, ನನಗೆ ಕೆಲಸಕ್ಕೆ ಹೋದ್ರೇನೇ ಚೆನ್ನಾಗಿರುತ್ತೆ,” ಎನ್ನುತ್ತಿದ್ದಳು. ಆಮೇಲೆ ಲೋಟ ಕೈಜಾರತೊಡಗಿತು. ಒಂದು ಸಂಜೆ ಇಬ್ಬರೂ ಮನೆಗೆ ನಡೆದು ಬಂದೆವು. ಹೊಸ್ತಿಲಲ್ಲಿ ನೋಡಿದರೆ ಅವಳ ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಬೀದಿಯ ಮಧ್ಯದಲ್ಲೆಲ್ಲೋ ಕಳಚಿಕೊಂಡಿತ್ತು. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಪಾದ ಕುಯ್ದು ರಕ್ತ ಬರುತ್ತಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ. ಮಗಳು ಚಪ್ಪಲಿ ಹುಡುಕಿ ತಂದು, “ಅಮ್ಮಾ, ನಿನ್ನ ಕಾಲು ನಿನ್ನ ಜೊತೆ ಮಾತು ಬಿಟ್ಟಿದೆ ನೋಡು,” ಎಂದು ತಮಾಷೆ ಮಾಡಿದಳು. ನಾವು ಮೂವರೂ ನಕ್ಕೆವು.

ನರಗಳ ಡಾಕ್ಟರು ನಗಲಿಲ್ಲ. ಪಾದಕ್ಕೆ ಸೂಜಿ ಮುಟ್ಟಿಸಿ, “ಕುಡೀತೀರೇನಮ್ಮಾ?” ಎಂದು ನೇರವಾಗಿ ಕೇಳಿದರು. ಅವಳು ಕೋಪದಿಂದ ಎದ್ದೇಬಿಟ್ಟಳು. “ಕೂತ್ಕೊಳ್ಳಿ. ಏನು ಕೆಲಸ ಮಾಡ್ತೀರಿ?” ಎಂದು ಎರಡನೇ ಪ್ರಶ್ನೆ ಕೇಳಿದರು. ನೀವು ಕೇಳದೇ ಹೋದದ್ದು ಆ ಎರಡನೇ ಪ್ರಶ್ನೆಯನ್ನೇ, ಮಾನ್ಯರೇ. ಅವಳು ಹೇಳಿದ ಮೇಲೆ ಅವರು ನಿಧಾನವಾಗಿ ವಿವರಿಸಿದರು. ಥಿನ್ನರಿನ ಆವಿ ಉಸಿರಿನಲ್ಲಿ ರಕ್ತಕ್ಕೆ ಇಳಿಯುತ್ತದೆ, ರಕ್ತದಿಂದ ಮಿದುಳಿಗೆ ಏರುತ್ತದೆ. ಅಲ್ಲಿ ಅದು ಮಾಡುವುದು ಹೆಂಡ ಮಾಡುವ ಕೆಲಸವನ್ನೇ. ಮೊದಲು ಖುಷಿ, ಆಮೇಲೆ ತೊದಲು, ಆಮೇಲೆ ತಲೆಸುತ್ತು. ಗಾಳಿಗೆ ಬಂದರೆ ಅಮಲು ಇಳಿಯುತ್ತದೆ. ಆದರೆ ದಿನವೂ ಕುಡಿಸಿದರೆ ನರಗಳೇ ಸಾಯತೊಡಗುತ್ತವೆ, ಅತಿ ಉದ್ದದ ನರ ಮೊದಲು, ಅದೂ ತುದಿಯಿಂದ. ಅದಕ್ಕೇ ಪಾದ ಮೊದಲು, ಬೆರಳು ಆಮೇಲೆ. “ಇದೂ ಅಮಲೇ ಕಣಮ್ಮಾ. ಕುಡಿದಿದ್ದಲ್ಲ, ಉಸಿರಾಡಿದ್ದು. ಆ ಕೋಣೆ ಬಿಟ್ಟುಬಿಡಿ,” ಎಂದರು. ನನ್ನವಳು, “ಆ ಕೋಣೆಗೆ ಎಷ್ಟು ಜನ ಕಾಯ್ತಿದಾರೆ ಗೊತ್ತಾ ಡಾಕ್ಟ್ರೇ?” ಎಂದಳು.

ಬೇರೆ ವಿಭಾಗ ಕೊಡಿ ಎಂದು ನಾನು ಸೂಪರ್‌ವೈಸರನ್ನು ಕೇಳಿದೆ. “ಏನಯ್ಯಾ ನೀನು, ಇಡೀ ಕಾರ್ಖಾನೆಯಲ್ಲಿ ನಗ್ತಾ ಇರೋರು ಆ ಕೋಣೆಯವರು ಮಾತ್ರ. ಅಧಿಕಾರಿಗಳೇ ಬಂದು ನೋಡಿ ಮೆಚ್ಚಿಕೊಂಡು ಹೋಗಿದಾರೆ,” ಎಂದ. ಆ ಅಧಿಕಾರಿಗಳು ನೀವು. ಅದಾದ ಎರಡನೇ ವಾರಕ್ಕೆ, ಕೆಲಸ ಬಿಟ್ಟು ಇಳಿಯುವಾಗ, ಇದೆ ಎಂದುಕೊಂಡ ಮೆಟ್ಟಿಲು ಅವಳ ಪಾದಕ್ಕೆ ಸಿಗಲಿಲ್ಲ.

ಈಗ ನೀವು ಬಂದಿದ್ದ ಆ ದಿನಕ್ಕೆ ಬರೋಣ. ನಾನು ಖಾಲಿ ಪೆಟ್ಟಿಗೆ ಹೊತ್ತು ಅದೇ ಬಾಗಿಲಲ್ಲಿ ನಿಂತಿದ್ದೆ, ನಿಮಗೆ ನೆನಪಿರಲಾರದು. ಕಿಟಕಿ ಯಾಕೆ ಮುಚ್ಚಿದೆ ಎಂದು ನೀವು ಕೇಳಿದಿರಿ. ಧೂಳು ಬರುತ್ತದೆ ಎಂದರು. ಒಪ್ಪಿದಿರಿ. ಸ್ಟೂಲಿನ ಮೇಲೆ ಕೂತು ವಿಚಾರಿಸುತ್ತ ವಿಚಾರಿಸುತ್ತ ಅಲ್ಲೇ ಉಳಿದುಬಿಟ್ಟಿರಿ. ನಾವು ದಪ್ಪಕ್ಕ ಎಂದು ಕರೆಯುವಾಕೆ ಒಂದು ಎಡಗಾಲಿನ ಶೂ ಎತ್ತಿ ಹಿಡಿದು, “ಸಾಹೇಬ್ರೇ, ನಮ್ಮಲ್ಲಿ ಎಡಗಾಲು ಹೇಳಿದ ಟೈಮಿಗೆ ಹುಟ್ಟುತ್ತೆ. ಬಲಗಾಲು ಮಾತ್ರ ಯಾವಾಗ್ಲೂ ಲೇಟು, ಥೇಟ್ ಆಫೀಸರ ಥರ!” ಎಂದಳು. ಅಷ್ಟೇನೂ ನಗಬೇಕಾದ ಮಾತಲ್ಲ. ಆದರೆ ನೀವು ನಕ್ಕಿರಿ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕಿರಿ. ಏನೋ ಹೇಳಲು ಹೋಗಿ ನಾಲಗೆ ತೊಡರಿ, ಅದಕ್ಕೂ ನಕ್ಕಿರಿ. ನನ್ನವಳೂ ಬ್ರಷ್ಷು ಹಿಡಿದುಕೊಂಡೇ ನಗುತ್ತಿದ್ದಳು. ಎದ್ದು ಹೊರಟಾಗ ಹೊಸ್ತಿಲಿಗೆ ಕಾಲು ತಗುಲಿ ಮುಗ್ಗರಿಸಿದಿರಿ. ಮುಂದೆ ಮೆಟ್ಟಿಲು. ನಾನು ಪೆಟ್ಟಿಗೆ ಬಿಸಾಕಿ ಭುಜ ಕೊಟ್ಟೆ. ಕೆಳಗಿನವರೆಗೂ ನನ್ನನ್ನು ಹಿಡಿದುಕೊಂಡೇ ಇಳಿದಿರಿ. “ಎಂಥಾ ಖುಷಿ ಜನ ರೀ!” ಎಂದಿರಿ. ಅಂಗಳದಲ್ಲಿ ನೀರು ಕೇಳಿ ಕುಡಿದು, ತಲೆ ಸಿಡಿಯುತ್ತಿದೆ ಎಂದು ಹಣೆ ಒತ್ತಿಕೊಂಡಿರಿ. ಆ ದಿನದ ನಿಮ್ಮ ಪರಿಶೀಲನೆಯಲ್ಲಿ ‘ಕಾರ್ಮಿಕರು ಸಂತೃಪ್ತರಾಗಿ, ಉಲ್ಲಾಸದಿಂದ ಇದ್ದಾರೆ’ ಎಂದು ಬರೆದಿರಿ.

ನೀವು ನಕ್ಕರೆ ಉಲ್ಲಾಸ, ಅವಳು ನಕ್ಕರೆ ಹೆಂಡ! ನೀವು ತೂರಾಡಿದರೆ ಹೊಸ್ತಿಲಿನ ತಪ್ಪು, ಅವಳು ತೂರಾಡಿದರೆ ನಡತೆಯ ತಪ್ಪು! ಒಂದೇ ಕೋಣೆಯ ಒಂದೇ ಗಾಳಿಯನ್ನು ನೀವು ಸ್ವಲ್ಪ ಹೊತ್ತು ಕುಡಿದಿರಿ, ಅವಳು ವರ್ಷಗಟ್ಟಲೆ ಕುಡಿದಳು. ಅವಳ ಕಾಲು ತಪ್ಪಿದಾಗ ಬಾಗಿಲಲ್ಲಿ ನಾನಿರಲಿಲ್ಲ. ನಿಮ್ಮಿಬ್ಬರ ಅದೃಷ್ಟದಲ್ಲಿರುವ ವ್ಯತ್ಯಾಸ ಇಷ್ಟೇ.

ನಿಮ್ಮ ವರದಿಯ ಸಾಲು ಬೀದಿಗೆ ಬಂದಾಯಿತು. ಶಾಲೆಯಿಂದ ಬಂದ ಮಗಳು ಚೀಲವನ್ನೂ ಇಳಿಸದೆ, “ಅಪ್ಪಾ, ನಿಜ ಹೇಳು, ಅಮ್ಮ ಕುಡೀತಿದ್ಲಾ?” ಎಂದು ಕೇಳಿದಳು. ಇಲ್ಲ ಎಂದೆ. “ಮತ್ತೆ ಸರ್ಕಾರದವರು ಸುಳ್ಳು ಬರೀತಾರಾ?” ಎಂದಳು. ಇದಕ್ಕೆ ಉತ್ತರ ಕೊಡಬೇಕಾದವನು ನಾನೋ ನೀವೋ? ಮೊನ್ನೆ ಬೀದಿಯಲ್ಲಿ ಒಂಟಿ ಚಪ್ಪಲಿ ಬಿದ್ದಿತ್ತು, ದಪ್ಪಕ್ಕನದು. ಅವಳ ಮನೆಗೆ ಒಯ್ದು ಕೊಟ್ಟೆ. “ಅಯ್ಯೋ ಅಣ್ಣಾ, ಇದು ಯಾವಾಗ ಬಿತ್ತು?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನನಗೆ ಬೇಕಾದದ್ದು ಹೆಚ್ಚೇನಿಲ್ಲ. ಆ ಕಿಟಕಿಗಳನ್ನು ತೆಗೆಸಿ, ಆವಿ ಎಳೆದು ಹೊರಹಾಕುವ ಫ್ಯಾನು ಹಾಕಿಸಿ, ಅಲ್ಲಿಯವರೆಗೆ ಕೋಣೆಗೆ ಬೀಗ ಹಾಕಿ. ಮತ್ತು ವರದಿಯನ್ನು ತಿದ್ದಿ. ‘ಅಮಲಿನಲ್ಲಿ’ ಎಂಬುದನ್ನು ಅಳಿಸಬೇಡಿ, ಅದು ಸತ್ಯ. ‘ಮದ್ಯದ’ ಎಂಬುದನ್ನು ಹೊಡೆದುಹಾಕಿ ‘ಅಂಟಿನ’ ಎಂದು ಬರೆಯಿರಿ. ಸಾಧ್ಯವಿಲ್ಲ ಎನ್ನುವುದಾದರೆ ಒಂದೇ ಪ್ರಶ್ನೆಗೆ ಎಲ್ಲರ ಮುಂದೆ ಉತ್ತರ ಕೊಡಿ: ಆ ದಿನ ನೀವು ಏನು ಕುಡಿದು ಕೆಲಸಕ್ಕೆ ಬಂದಿದ್ದಿರಿ?

ಇಂತಿ,
ಆ ಮೆಟ್ಟಿಲಿನಲ್ಲಿ ಹೆಂಡತಿಗೆ ಸಿಗದ ಭುಜವನ್ನು
ನಿಮಗೆ ಕೊಟ್ಟವನು